ಲೈಟ್, ನೈಟ್, ರೈಟ್: ಮಕ್ಕಳ ಇಂಗ್ಲಿಷ್ ಪದಗಳ ಬಗ್ಗೆ ಪೋಷಕರಿಗೆ ಪತ್ರ

ಗದಗ-ಬೆಟಗೇರಿ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಐದು ಮತ್ತು ಆರನೇ ತರಗತಿಯ ಇಂಗ್ಲಿಷ್ ಉಕ್ತಲೇಖನದ ನೋಟ್‌ಬುಕ್ಕುಗಳನ್ನು ಕಳೆದ ವಾರ ಮನೆಗೆ ಕಳಿಸಿದ್ದೆವು. ಕೆಂಪು ಗೆರೆ ಬಹಳ ಬಿದ್ದಿವೆ ಎಂದು ನಿಮ್ಮಲ್ಲಿ ಹಲವರು ಶಾಲೆಗೆ ಬಂದು ಬೇಸರ ಹೇಳಿಕೊಂಡಿರಿ. ತಪ್ಪಿದ ಪದವನ್ನು ಕೆಲವು ಮನೆಗಳಲ್ಲಿ ಐವತ್ತು ಸಲ ಬರೆಸಿದ್ದೂ ಗೊತ್ತಾಯಿತು. ಮಕ್ಕಳ ಬಗ್ಗೆ ನಿಮಗಿರುವ ಕಾಳಜಿ ದೊಡ್ಡದು. ಆದರೆ ಆ ತಪ್ಪುಗಳಲ್ಲಿ ನನಗೆ ಕಂಡದ್ದೇ ಬೇರೆ. ಅದನ್ನು ನಿಮಗೆ ತಿಳಿಸಬೇಕೆಂದೇ ಈ ಪತ್ರ.

ಹೆಚ್ಚು ಮಕ್ಕಳು ತಪ್ಪಿದ್ದು ‘ಲೈಟ್’ ಪದದಲ್ಲಿ. ಎಲ್, ಐ, ಟಿ, ಇ ಎಂದು ಬರೆದಿದ್ದಾರೆ. ಬರೆಯಬೇಕಾದದ್ದು ಎಲ್, ಐ, ಜಿ, ಎಚ್, ಟಿ. ಹಾಗೇಕೆ ಬರೆದರು? ಅದಕ್ಕೂ ಮೊದಲು ಅವರು ಕಲಿತದ್ದು ಕೈಟ್, ವೈಟ್, ಬೈಟ್. ಆ ಪದಗಳ ಕೊನೆಗೆ ಐ, ಟಿ, ಇ ಇದೆ. ಅದೇ ದನಿ ಮತ್ತೆ ಕಿವಿಗೆ ಬಿದ್ದ ಕೂಡಲೇ ಅವೇ ಅಕ್ಷರ ಹಾಕಿದ್ದಾರೆ. ಕಿವಿ ಚುರುಕಾಗಿರುವ, ಕಲಿತದ್ದನ್ನು ಹೊಸ ಪದಕ್ಕೆ ಹಚ್ಚಿ ನೋಡುವ ಮಕ್ಕಳು ಮಾಡುವ ತಪ್ಪು ಇದು. ಇದಕ್ಕೆ ಬೈಯಬಾರದು.

ಕನ್ನಡದಲ್ಲಿ ವರ್ಣಮಾಲೆಯ 49 ಅಕ್ಷರ, ಕಾಗುಣಿತ, ಒತ್ತಕ್ಷರ ಬಂದರೆ ಕೇಳಿದ್ದನ್ನು ಹೆಚ್ಚುಕಡಿಮೆ ಹಾಗೇ ಬರೆಯಬಹುದು. ಇಂಗ್ಲಿಷಿನಲ್ಲಿ ಅಕ್ಷರ 26, ದನಿ ಸುಮಾರು 44. ಹೀಗಾಗಿ ಎರಡು ಮೂರು ಅಕ್ಷರ ಸೇರಿ ಒಂದು ದನಿ ಆಗುವುದುಂಟು, ಒಂದೇ ದನಿಗೆ ಎರಡು ಮೂರು ಬಗೆಯ ಬರವಣಿಗೆ ಇರುವುದೂ ಉಂಟು. ಬಿಡಿ ಬಿಡಿಯಾಗಿ ಬಾಯಿಪಾಠ ಮಾಡಿದ ಪದ ಪರೀಕ್ಷೆ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದಿಲ್ಲ. ಆದ್ದರಿಂದಲೇ ನಾವು ಒಂದೇ ಅಕ್ಷರಗಳಿಂದ ಮುಗಿಯುವ ಪದಗಳನ್ನು ಒಂದು ಮನೆತನದವರಂತೆ ಒಟ್ಟಿಗೆ ಕಲಿಸುತ್ತಿದ್ದೇವೆ. ಲೈಟ್, ನೈಟ್, ರೈಟ್, ಫೈಟ್, ಟೈಟ್, ಬ್ರೈಟ್, ಫ್ಲೈಟ್ ಎಲ್ಲಕ್ಕೂ ಕೊನೆಗೆ ಐ, ಜಿ, ಎಚ್, ಟಿ. ಒಂದು ಗಟ್ಟಿಯಾದರೆ ಉಳಿದವು ತಾವಾಗಿಯೇ ಬರುತ್ತವೆ.

ಈ ಪಾಠ ನಡೆದಾಗ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕೋರ್ರೀ, ಜಿ, ಎಚ್ ಎರಡೂ ಸುಮ್ನ ಕುಂತಾವು. ತಗದ ಒಗದ್ರ ಏನಾಗತೈತ್ರಿ?” ಎಂದು ಕೇಳಿದಳು. ಇಷ್ಟು ಒಳ್ಳೆಯ ಪ್ರಶ್ನೆಗೆ ‘ಅದು ಹಂಗ ಇರೂದು’ ಎಂದು ಹೇಳಿ ಕೂಡಿಸಲು ಮನಸ್ಸು ಬರಲಿಲ್ಲ.

ಸಾವಿರ ವರ್ಷದ ಹಿಂದೆ ಇಂಗ್ಲಿಷರು ರಾತ್ರಿಗೆ ಹೆಚ್ಚುಕಡಿಮೆ ‘ನಿಖ್ತ್’ ಎನ್ನುತ್ತಿದ್ದರು. ನಡುವೆ ಗಂಟಲಿನಿಂದ ಬರುವ ಒಂದು ‘ಖ್’ ಇತ್ತು. ಜರ್ಮನ್ ಭಾಷೆಯಲ್ಲಿ ಅಂಥ ದನಿ ಇವತ್ತಿಗೂ ಇದೆ, ಅವರ ರಾತ್ರಿ ‘ನಾಖ್ಟ್’. ಆ ದನಿಯನ್ನು ತೋರಿಸಲು ಇಂಗ್ಲಿಷ್ ಲಿಪಿಕಾರರು ಜಿ, ಎಚ್ ಬರೆಯತೊಡಗಿದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ತೆರೆದ. ಅಚ್ಚಾದ ಪುಸ್ತಕಗಳು ಹೆಚ್ಚಿದಂತೆ ಬರವಣಿಗೆ ನಿಧಾನವಾಗಿ ಒಂದು ಕಡೆ ನಿಂತಿತು. ಜನರ ಮಾತು ನಿಲ್ಲಲಿಲ್ಲ. ‘ಇ’ ಇದ್ದದ್ದು ‘ಐ’ ಆಯಿತು, ಗಂಟಲಿನ ದನಿ ಬಿದ್ದೇ ಹೋಯಿತು, ಕಾಗದದ ಮೇಲೆ ಜಿ, ಎಚ್ ಉಳಿದವು. ಕೈಟ್, ವೈಟ್‌ನಲ್ಲಿ ಆ ದನಿ ಮೊದಲೂ ಇರಲಿಲ್ಲ, ಆದ್ದರಿಂದ ಆ ಅಕ್ಷರಗಳೂ ಇಲ್ಲ. ‘ಡಿಲೈಟ್’ ಇದಕ್ಕೆ ಹೊರತು. ಅದು ಫ್ರೆಂಚ್ ಕಡೆಯಿಂದ ಬಂದ ಪದ, ಮೊದಲು ಐ, ಟಿ, ಇ ಎಂದೇ ಬರೆಯುತ್ತಿದ್ದರು. 16ನೇ ಶತಮಾನದ ಹೊತ್ತಿಗೆ ‘ಲೈಟ್’ ನೋಡಿ ಅದಕ್ಕೂ ಜಿ, ಎಚ್ ಸೇರಿಸಿದರು.

ಮುದ್ರಣ ಕಾಶಿ ಎಂದು ಹೆಸರಾದ ಈ ಊರಿನಲ್ಲಿ ಅಚ್ಚುಮೊಳೆ ಜೋಡಿಸಿ ಕೈ ಪಳಗಿದ ಹಿರಿಯರಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಅಕ್ಷರ ಹೇಗೆ ಜೋಡಿಸುತ್ತಿದ್ದರು, ತಪ್ಪಾದರೆ ಹೇಗೆ ತಿದ್ದುತ್ತಿದ್ದರು ಎಂದು ಮಕ್ಕಳಿಗೆ ಹೇಳಲಿ. ಶಾಲೆಗೇ ಬಂದು ಹೇಳಿದರೆ ಇನ್ನೂ ಸಂತೋಷ.

ಇನ್ನು ಐವತ್ತು ಸಲ ಬರೆಸುವ ವಿಷಯ. ಒಂದು ನೋಟ್‌ಬುಕ್ಕಿನಲ್ಲಿ ಮಗು ಪುಟದ ಮೇಲಿಂದ ಕೆಳಗಿನವರೆಗೆ ಮೊದಲು ಬರೀ ಎಲ್ ಬರೆದಿದೆ. ಆಮೇಲೆ ಪಕ್ಕದಲ್ಲಿ ಬರೀ ಐ, ಅದರ ಪಕ್ಕ ಜಿ. ಕೊನೆಯ ಸಾಲುಗಳಲ್ಲಿ ಎಚ್ ಜಾಗ ತಪ್ಪಿ ಟಿ ಆದ ಮೇಲೆ ಬಂದಿದೆ. ಪುಟ ತುಂಬಿತು, ಆದರೆ ಆ ಮಗು ‘ಲೈಟ್’ ಎಂಬ ಪದವನ್ನು ಒಂದು ಸಲವೂ ಬರೆಯಲಿಲ್ಲ. ಕೈನೋವು ಒಂದೇ ಬಂದದ್ದು. ದಯವಿಟ್ಟು ಹೀಗೆ ಬರೆಸಬೇಡಿ. ಪದವನ್ನು ನೋಡಲಿ, ಅಂಗೈಯಿಂದ ಮುಚ್ಚಲಿ, ನೋಡದೆ ಬರೆಯಲಿ, ತೆರೆದು ತಾಳೆ ಹಾಕಲಿ. ಮೂರು ಸಲ ಸಾಕು.

“ನಮಗ ಇಂಗ್ಲಿಷ್ ಬರೂದಿಲ್ರಿ, ನಾವೇನ್ ಹೇಳಿಕೊಡೂಣು” ಎನ್ನುವ ತಾಯಂದಿರಿಗೆ ಒಂದು ಮಾತು. ಹೇಳಿಕೊಡುವುದು ನಮ್ಮ ಕೆಲಸ, ನೀವು ಕೇಳಿದರೆ ಸಾಕು. ಬಸ್ಸಿನಲ್ಲಿ ಕಂಡಕ್ಟರ್ “ರೈಟ್, ರೈಟ್” ಎಂದಾಗ ಅದನ್ನು ಹೇಗೆ ಬರೆಯುತ್ತಾರೆ ಎಂದು ಕೇಳಿ. ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದಿರುತ್ತದೆ, ಅದರಲ್ಲಿ ನೈಟ್ ಯಾವುದು ತೋರಿಸು ಎನ್ನಿ. ಎಪಿಎಂಸಿಗೆ ಮಾಲು ತರುವವರು ‘ವೇ ಬ್ರಿಡ್ಜ್’ ಫಲಕ ತೋರಿಸಿ. ಅಲ್ಲೂ ಜಿ, ಎಚ್ ಇದೆ, ಆದರೆ ಅವಕ್ಕೂ ಮೊದಲು ಇ, ಐ ಇರುವುದರಿಂದ ದನಿ ‘ಏ’. ವೇಟ್, ಏಟ್ ಅದೇ ಗುಂಪಿನವು, ‘ಹೈಟ್’ ಮಾತ್ರ ಬೇರೆ. ಸಿಕ್ಕ ಪದವನ್ನು ಮಗು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದರದರ ಗುಂಪಿಗೆ ಸೇರಿಸಿ ಬರೆದುಕೊಳ್ಳಲಿ.

ಒ, ಯು, ಜಿ, ಎಚ್ ಗುಂಪನ್ನು ಈ ವರ್ಷ ಮುಟ್ಟುವುದಿಲ್ಲ. ದೋ, ಥ್ರೂ, ಟಫ್, ಕಾಫ್ ಹೀಗೆ ಒಂದೇ ಅಕ್ಷರಗಳಿಗೆ ನಾಲ್ಕಾರು ದನಿ. ಟ್ಯೂಷನ್ನಿನಲ್ಲಿ ಈಗಲೇ ಅದನ್ನು ಕಲಿಸುವುದಾದರೆ ಸ್ವಲ್ಪ ತಡೆಯಲು ಹೇಳಿ. ಮೊದಲಿನ ಗುಂಪು ಗಟ್ಟಿಯಾಗುವ ಮುಂಚೆ ಇದು ಬಂದರೆ ಬಲ್ಲ ಪದಗಳೂ ಮಕ್ಕಳಿಗೆ ಗೋಜಲಾಗುತ್ತವೆ.

ಉಕ್ತಲೇಖನದ ಅಂಕ ಪ್ರಗತಿ ಪತ್ರಕ್ಕೆ ಸೇರುವುದಿಲ್ಲ. ಪ್ರೆಸ್ಸಿನಲ್ಲಿ ಕೆಲಸ ಮಾಡುವವರು ಒಂದು ಬದಿ ಖಾಲಿ ಇರುವ ದಪ್ಪ ಹಾಳೆಗಳನ್ನು ಕಳಿಸಿಕೊಟ್ಟರೆ ಪದಗಳ ಕಾರ್ಡ್ ಮಾಡಲು ಅನುಕೂಲ. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನೋಟ್‌ಬುಕ್ ಹಿಡಿದು ಬನ್ನಿ, ನಿಮ್ಮ ಮಗುವಿನ ತಪ್ಪುಗಳನ್ನು ಕೂಡಿ ನೋಡೋಣ. ಮಗ್ಗದ ಕೆಲಸ, ಸಂತೆ ಎಂದು ಆ ಹೊತ್ತಿಗೆ ಬರಲಾಗದವರು ಯಾವ ದಿನವಾದರೂ ಪ್ರಾರ್ಥನೆಗೆ ಮುಂಚೆ ಬರಬಹುದು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ