ಬೋಳಾರ, ಪಡೀಲ್ ಮತ್ತು ಉಳಿದವರ ಪರವಾಗಿ

ಡಾರ್ಕೆಸ್ಟ್ ಡಂಜನ್ ಕೊನೆಗೂ ಮುಗಿಯಿತು. ಮಳೆಗಾಲವಿಡೀ ಭಾನುವಾರದ ಸಂಜೆ ಕೊಟ್ಟಾರದ ಗೆಳೆಯನ ಮನೆಯಲ್ಲಿ ನನ್ನೊಂದಿಗೆ ಕುಳಿತವರಿಗೆಲ್ಲ ಹೀಗೆ ಬರೆದೇ ವಂದನೆ ಹೇಳುತ್ತಿದ್ದೇನೆ. ಎದುರಿಗೆ ಹೇಳಿದರೆ ನೀವು ನಗುತ್ತೀರಿ.

ಆಡದವರಿಗೆ ಎರಡು ಮಾತು. ಕೆನಡಾದ ರೆಡ್ ಹುಕ್ ಸ್ಟುಡಿಯೋಸ್ 2016ರಲ್ಲಿ ಪೂರ್ಣರೂಪದಲ್ಲಿ ಹೊರತಂದ ವಿಡಿಯೋ ಆಟವಿದು. ಪೂರ್ವಜನೊಬ್ಬನ ಹುಚ್ಚಾಟದಿಂದ ಹಾಳಾದ ಮನೆತನ. ಅದರ ಪಾಪ ತೊಳೆಯಲು ನಾಲ್ಕು ನಾಲ್ಕು ಜನರನ್ನು ಕತ್ತಲಿಗೆ ಕಳುಹಿಸಬೇಕು. ಸತ್ತವರು ಸತ್ತಂತೆಯೇ. ಒತ್ತಡಕ್ಕೂ ಲೆಕ್ಕವಿದೆ: 100 ಮುಟ್ಟಿದರೆ ಹೆಚ್ಚಿನವರು ಸಂಶಯಪಿಶಾಚಿಯೋ ಸ್ವಾರ್ಥಿಯೋ ಆಗುತ್ತಾರೆ, 200 ಮುಟ್ಟಿದರೆ ಹೃದಯಾಘಾತ.

ಆ ಒತ್ತಡ ಇಳಿಸಲು ಪಾನಗೃಹಕ್ಕೋ ಮಠಕ್ಕೋ ಚಿನ್ನ ಸುರಿಯಬೇಕು. ಹೊಸಬರೋ, ವಾರವಾರವೂ ಕುದುರೆಗಾಡಿಯಲ್ಲಿ ಪುಕ್ಕಟೆ ಬಂದಿಳಿಯುತ್ತಾರೆ. ಲಾಭದ ದಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸಬರನ್ನು ಪಂಜಿಲ್ಲದೆ ನುಗ್ಗಿಸು (ಕತ್ತಲಾದಷ್ಟೂ ಕೊಳ್ಳೆ ಹೆಚ್ಚು), ಚಿನ್ನ ಇಸಿದುಕೋ, ಬುದ್ಧಿ ಕೆಟ್ಟು ಮರಳಿದವರನ್ನು ಹೊರದಬ್ಬು. ದುಷ್ಟನಾಗು ಎಂದು ಆಟ ಒಮ್ಮೆಯೂ ಹೇಳುವುದಿಲ್ಲ. ಖರ್ಚಿನ ಪಟ್ಟಿಯನ್ನಷ್ಟೇ ಮುಂದಿಡುತ್ತದೆ. ಕಿಲಾಡಿ ಆಟ.

ಅದಕ್ಕೆ ಅಡ್ಡ ನಿಂತವಳು ನನ್ನ ಅಕ್ಕನ ಮಗಳು. ಬಂದವರಿಗೆಲ್ಲ ಮಂಗಳೂರಿನ ಬಸ್ ಸ್ಟಾಪುಗಳ ಹೆಸರಿಡೋಣ ಎಂದಳು. ಅಲ್ಲಿಂದ ನಮ್ಮ ಲಾಭಕ್ಕೆ ಕಲ್ಲು ಬಿತ್ತು. ಕಂಕನಾಡಿಗೆ ಸಂಶಯ ಹಿಡಿದು, ಮದ್ದು ಹಚ್ಚಲು ಬಂದವರನ್ನೂ ಹತ್ತಿರ ಸೇರಿಸದೆ ಹೋದಾಗ, ‘ಅವನನ್ನು ಕಳುಹಿಸಿಬಿಡಿ’ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಕೈಯಲ್ಲಿದ್ದ ಚಿನ್ನ ಮಠದ ಪಾಲಾಯಿತು. ಆಟ ನಿಧಾನವಾಯಿತು, ನಾವು ಬಡವರಾದೆವು. ಮಗೂ, ನಿನಗೆ ದೊಡ್ಡ ನಮಸ್ಕಾರ.

ಕರೆಂಟು ಕೈಕೊಟ್ಟಾಗಲೆಲ್ಲ ಇನ್ವರ್ಟರ್ ಬಿಟ್ಟುಕೊಟ್ಟ ಮನೆಯ ಗೆಳೆಯನಿಗೆ, ಗೋಳಿಬಜೆಯ ತಟ್ಟೆಯಿಡುತ್ತಾ ‘ಇವತ್ತು ಯಾರು ಹೋದರು?’ ಎಂದು ಕೇಳುತ್ತಿದ್ದ ಅವನ ಅಮ್ಮನಿಗೆ ಋಣಿ. ಪೂರ್ವಜನಿಗೆ ಧ್ವನಿಯಾದ ವೇಯ್ನ್ ಜೂನ್ ಅವರಿಗೂ; ಈಗ ಅವರಿಲ್ಲ. ಅಮ್ಮನಿಗೆ ಇಂಗ್ಲಿಷ್ ಬಾರದು, ಆದರೂ ಆ ದನಿ ಕೇಳಿದೊಡನೆ ‘ಇವನನ್ನು ನಂಬಬೇಡಿ’ ಎಂದಿದ್ದರು. ಸರಿಯಾಗಿಯೇ ಹೇಳಿದ್ದರು.

ಇನ್ನು ಕೊನೆಯ ಕಾಳಗ. ಅಲ್ಲಿ ಶತ್ರು ಎರಡು ಬಾರಿ ಒಬ್ಬೊಬ್ಬರನ್ನು ಬಲಿ ಕೇಳುತ್ತದೆ, ಯಾರೆಂದು ಆಡುವವರೇ ಬೆರಳು ತೋರಿಸಬೇಕು. ಸರದಿಯ ಆಟವಾದ್ದರಿಂದ ಗಡಿಯಾರದ ಗಡಿಬಿಡಿಯಿಲ್ಲ. ಚಹಾ ಆರುವವರೆಗೂ ಜಗಳವಾಡಿದೆವು. ಹೇಗೂ ಸಾಯುವಂತಿರುವವನನ್ನೇ ಕೊಡೋಣ ಎಂದು ವಕೀಲ ಗೆಳೆಯನ ವಾದ. ಗಾಯಗೊಂಡದ್ದೇ ಅಪರಾಧವೇ ಎಂದು ಅಕ್ಕನ ಮಗಳ ಪಾಟೀಸವಾಲು. ಕೊನೆಗೆ ಬೋಳಾರ ಹೋದ, ಆಮೇಲೆ ಪಡೀಲ್. ವಕೀಲರೇ, ಗೆದ್ದದ್ದು ನಿಮ್ಮ ವಾದವೇ. ಗೆದ್ದ ಮೇಲೂ ನೀವು ಮುಖ ಗಂಟಿಕ್ಕಿಕೊಂಡೇ ಇದ್ದಿರಲ್ಲ, ಅದಕ್ಕಾಗಿ ನಿಮಗೂ ವಂದನೆ.

ಮುಂದಿನ ಭಾನುವಾರ ಆಟವಿಲ್ಲ. ಎಲ್ಲರೂ ನಮ್ಮ ಮನೆಗೆ ಬನ್ನಿ, ಕೋರಿರೊಟ್ಟಿ ಇದೆ. ವಕೀಲರಿಗೆ ನೀರುದೋಸೆ, ಕಡಲೆ ಗಸಿ ಬೇರೆ ಮಾಡಿಸುತ್ತಿದ್ದೇನೆ.