ಹೊಸಬರ ಪಾಠ ಇನ್ನು ಮೇಲೆ ಅರ್ಧ ಗಂಟೆ: ನಮ್ಮ ಸವಾರರಿಗೆ ಒಂದು ಪತ್ರ

ಪ್ರಿಯ ಸವಾರರೇ, ಸವಾರರಾಗಲು ಹೊರಟವರೇ, ಬೇಲಿಯಾಚೆ ನಿಂತು ಮಕ್ಕಳ ಪಾಠ ಮುಗಿಯುವುದನ್ನೇ ಕಾಯುವ ತಂದೆತಾಯಂದಿರೇ,

ಮುಂದಿನ ತಿಂಗಳಿನಿಂದ ಹೊಸದಾಗಿ ಸವಾರಿ ಕಲಿಯುವವರಿಗೆ ಗುಂಪಿನಲ್ಲಿ ಒಂದು ಗಂಟೆಯ ಪಾಠ ಇರುವುದಿಲ್ಲ. ಅದರ ಬದಲು ಒಬ್ಬೊಬ್ಬರಿಗೇ ಅರ್ಧ ಗಂಟೆ, ಉದ್ದ ಹಗ್ಗದ ಪಾಠ: ಗುರುಗಳು ನಡುವೆ ಹಗ್ಗ ಹಿಡಿದು ನಿಲ್ಲುತ್ತಾರೆ, ನಿಮ್ಮನ್ನು ಹೊತ್ತ ಕುದುರೆ ಅವರ ಸುತ್ತ ಸುತ್ತುತ್ತದೆ. ಇಂಥ ಎಂಟು ಪಾಠ ಮುಗಿದ ಮೇಲಷ್ಟೇ ಲಗಾಮು ಕೈಗೆ. ಶುಲ್ಕ ಮೊದಲಿನಷ್ಟೇ. ಅಂದರೆ ಒಂದು ಗಂಟೆಗೆ ಕೊಡುತ್ತಿದ್ದ ಹಣವನ್ನು ಇನ್ನು ಅರ್ಧ ಗಂಟೆಗೆ ಕೊಡುತ್ತೀರಿ. ಸುತ್ತಿ ಬಳಸಿ ಹೇಳಿದರೂ ಲೆಕ್ಕ ಬದಲಾಗುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆವು. ಇದರಿಂದ ಕೆಲವರ ವಾರಾಂತ್ಯದ ಸಮಯ ಏರುಪೇರಾಗಿದೆ, ಅಣ್ಣ ತಂಗಿ ಒಟ್ಟಿಗೆ ಬರುತ್ತಿದ್ದ ಮನೆಗಳಿಗೆ ಎರಡೆರಡು ಸಲ ಓಡಾಟವಾಗಿದೆ. ಅದಕ್ಕೆ ಮನಸಾರೆ ಕ್ಷಮೆ ಕೇಳುತ್ತೇವೆ. ಬದಲಾವಣೆಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಯಾಕೆಂದು ಕೇಳಿ.

ಹಳೆಯ ಶೆಡ್ಡಿನ ಕಾಲದಿಂದ ನಮ್ಮನ್ನು ಬಲ್ಲವರಿಗೆ ನಾವು ದುಡ್ಡಿನ ಹಿಂದೆ ಬಿದ್ದವರಲ್ಲ ಎಂಬುದು ಗೊತ್ತು. ಆದರೂ ಈಚೆಗೆ ಗೇಟಿನ ಹತ್ತಿರ ಬೇರೆಯದೇ ಮಾತು ಕೇಳಿಬರುತ್ತಿದೆ. "ಹುಲ್ಲು ತಿನ್ನೋ ಪ್ರಾಣಿಗೆ ಅದೆಷ್ಟು ಖರ್ಚು ಬರುತ್ತೆ?" ಅಂತ. ಈ ಮಾತು ನಮಗೆ ನಿಜಕ್ಕೂ ನೋವು ಕೊಟ್ಟಿದೆ, ಹಾಗಾಗಿ ಸ್ವಲ್ಪ ಲೆಕ್ಕ ಒಪ್ಪಿಸುತ್ತೇವೆ.

400 ಕಿಲೋ ತೂಗುವ ಕುದುರೆಗೆ ದಿನಕ್ಕೆ ತನ್ನ ತೂಕದ ಶೇ 1.5ರಿಂದ 2ರಷ್ಟು ಒಣಮೇವು ಬೇಕು. 6ರಿಂದ 8 ಕಿಲೋ ಆಯಿತು. ಹಸುವಿನ ಹಾಗೆ ಒಂದಷ್ಟು ತಿಂದು, ಆಮೇಲೆ ಕೂತು ಮೆಲುಕು ಹಾಕುವ ಜಾತಿಯಲ್ಲ ಇದು. ದೇಹ ದೊಡ್ಡದು, ಹೊಟ್ಟೆಚೀಲ ಚಿಕ್ಕದು, ಅದರಲ್ಲಿ ಆಮ್ಲ ಮಾತ್ರ ಹಗಲಿರುಳೂ ಒಸರುತ್ತಲೇ ಇರುತ್ತದೆ. ಗಂಟೆಗಟ್ಟಲೆ ಬಾಯಿಗೆ ಏನೂ ಬೀಳದಿದ್ದರೆ ಹುಣ್ಣಾಗುತ್ತದೆ. ಆದ್ದರಿಂದ ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಎಂದು ಹಾಕಿ ಕೈತೊಳೆದುಕೊಳ್ಳಲಾಗದು. ರಾತ್ರಿ ತಡವಾಗಿಯೂ ಒಬ್ಬರು ಎದ್ದು ಹೋಗಿ ಹಾಕಬೇಕು. ಅಗ್ಗಕ್ಕೆ ಸಿಕ್ಕಿತೆಂದು ಬೂಷ್ಟು ಹಿಡಿದ ಹುಲ್ಲು ತರುವಂತೆಯೂ ಇಲ್ಲ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಕೆಟ್ಟದ್ದು ಒಳಗೆ ಹೋದರೆ ಹೊಟ್ಟೆನೋವಾಗಿ ಕೂರುತ್ತದೆ, ಕುದುರೆಯ ಹೊಟ್ಟೆನೋವು ಕೆಲವು ಸಲ ಬೆಳಗಾಗುವುದರೊಳಗೆ ಪ್ರಾಣಕ್ಕೇ ಬರುತ್ತದೆ. ಅಂಥ ರಾತ್ರಿಗಳಲ್ಲಿ ಡಾಕ್ಟರಿಗೆ ಕೊಟ್ಟ ಹಣ ಯಾವ ಪಾಠದ ಬಿಲ್ಲಿನಲ್ಲೂ ನಿಮಗೆ ಕಾಣುವುದಿಲ್ಲ.

ಗೊರಸು ನಿಲ್ಲದೆ ಬೆಳೆಯುತ್ತದೆ. 6ರಿಂದ 8 ವಾರಕ್ಕೊಮ್ಮೆ ಕತ್ತರಿಸಿ ಲಾಳ ಹೊಡೆಸಬೇಕು, ಒಂದಕ್ಕಲ್ಲ, ಲಾಯದಲ್ಲಿರುವ ಅಷ್ಟಕ್ಕೂ. ಈ ಕೆಲಸ ಬಲ್ಲವರು ಅಪರೂಪವಾಗುತ್ತಿದ್ದಾರೆ. ಅವರು ಕೇಳಿದ ದಿನ, ಕೇಳಿದಷ್ಟು. ಹಲ್ಲು ಮೇಲೆ ಬರುತ್ತಲೇ ಇರುತ್ತದೆ, ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತದೆ, ವರ್ಷಕ್ಕೊಮ್ಮೆಯಾದರೂ ಅರ ಹಾಕಿಸಬೇಕು. ಧನುರ್ವಾಯುವಿನ ಲಸಿಕೆ ತಪ್ಪಿಸುವಂತಿಲ್ಲ. ಆ ರೋಗಾಣು ಇರುವುದೇ ಮಣ್ಣಿನಲ್ಲಿ, ಕುದುರೆಗಳಿಗೆ ಅದು ತಗಲುವುದೂ ಬೇಗ. ಜೀನು ಒಂದು ಕುದುರೆಯದು ಇನ್ನೊಂದಕ್ಕೆ ಸರಿಹೋಗುವುದಿಲ್ಲ. ಅದೇ ಕುದುರೆಗೂ ಮೈ ಇಳಿದರೆ, ತುಂಬಿಕೊಂಡರೆ ಒಳಗಿನ ಮೆತ್ತೆ ಬದಲಿಸಿ ಹೊಂದಿಸಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಗಾಯ. ಮಳೆ ಬಂತೆಂದು ನೀವು ಫೋನ್ ಮಾಡಿ ಪಾಠ ಮುಂದೂಡುತ್ತೀರಿ, ಸರಿಯೇ. ಆದರೆ ಆ ವಾರ ಕುದುರೆಯನ್ನು ಸೈಕಲ್ಲಿನ ಹಾಗೆ ಗೋಡೆಗೆ ಒರಗಿಸಿ ಬೀಗ ಹಾಕಲಾಗದು. ಸವಾರಿ ಇಲ್ಲದ ದಿನವೂ ಅದು ಅಷ್ಟೇ ತಿನ್ನುತ್ತದೆ, ಲದ್ದಿ ಬಳಿಯುವ ಸಯೀಸನಿಗೆ ಅಷ್ಟೇ ಸಂಬಳ.

ಮಲ್ಲಿಯ ಹೆಸರು ಎತ್ತದೆ ಈ ಲೆಕ್ಕ ಮುಗಿಯುವುದಿಲ್ಲ. ಅವಳಿಗೆ ವಯಸ್ಸಾಗಿದೆ, ಬೆನ್ನ ಮೇಲೆ ಯಾರನ್ನೂ ಕೂರಿಸುತ್ತಿಲ್ಲ. ಕುದುರೆ 25-30 ವರ್ಷ ಬದುಕುತ್ತದೆ, ದುಡಿಯುವ ಕಾಲ ಅದಕ್ಕಿಂತ ಮೊದಲೇ ಮುಗಿಯುತ್ತದೆ. ಉಳಿದ ವರ್ಷಗಳ ಮೇವನ್ನು ದುಡಿಯುವ ಕುದುರೆಗಳೇ ಗಳಿಸಬೇಕು. ಅವಳನ್ನು ಮಾರಿದೆವೆಂದು ಯಾರೋ ಹಬ್ಬಿಸಿದ್ದಾರಂತೆ. ಮಾರಿಲ್ಲ, ಮಾರುವುದೂ ಇಲ್ಲ. ಹಿಂದಿನ ಬಯಲಿನಲ್ಲಿ ನೆರಳು ಹುಡುಕಿಕೊಂಡು ನಿಂತಿರುತ್ತಾಳೆ, ಬಂದು ನೋಡಿ.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಬರೋಣ. "ಹಣ ಕೊಟ್ಟು ಹಗ್ಗಕ್ಕೆ ಕಟ್ಟಿದ ಕುದುರೆ ಮೇಲೆ ಗುಂಡಗೆ ಸುತ್ತಬೇಕಾ? ಅದೂ ಅರ್ಧ ಗಂಟೆ? ಇದು ಜಾತ್ರೆ ಸವಾರಿಯಲ್ಲವಾ?" ಫೋನಿನಲ್ಲಿ ಕೇಳಿದವರಿದ್ದಾರೆ, ಎದುರಿಗೇ ಕೇಳಿದವರಿದ್ದಾರೆ, ಒಬ್ಬರು ಮಗನ ಕೈಯಲ್ಲಿ ಚೀಟಿ ಬರೆದು ಕಳಿಸಿದ್ದರು. ಎಲ್ಲರಿಗೂ ಒಂದೇ ಉತ್ತರ: ಸವಾರಿಗೆ ಹತ್ತಿರವಾದದ್ದು ಹಗ್ಗದ ಪಾಠವೇ. ನೀವು ಇಲ್ಲವಾಯಿತೆಂದು ಕೊರಗುತ್ತಿರುವ ಗುಂಪಿನ ಪಾಠವೇ ಜಾತ್ರೆ ಸವಾರಿಗೆ ಹತ್ತಿರವಿತ್ತು.

ಗುಂಪಿನಲ್ಲಿ ಏನಾಗುತ್ತಿತ್ತೆಂದು ನೆನಪಿಸಿಕೊಳ್ಳಿ. ಸಾಲಿನಲ್ಲಿ ಕುದುರೆಗಳು, ಮುಂದಿನದರ ಬಾಲ ನೋಡುತ್ತ ಹಿಂದಿನದು. ಕುದುರೆ ಹಿಂಡಿನ ಪ್ರಾಣಿ, ಮುಂದಿನದು ತಿರುಗಿದರೆ ಇದೂ ತಿರುಗುತ್ತದೆ, ಅದು ನಿಂತರೆ ಇದೂ ನಿಲ್ಲುತ್ತದೆ. ಮೇಲೆ ಕೂತವರು ತಾವೇ ತಿರುಗಿಸಿದೆವೆಂದುಕೊಳ್ಳುತ್ತಾರೆ. ಮುಂದಿನ ಕುದುರೆಯನ್ನು ಸಾಲಿನಿಂದ ತೆಗೆದು ನೋಡಿ, ಆಗ ಗೊತ್ತಾಗುತ್ತದೆ ಕಲಿತದ್ದೆಷ್ಟು ಎಂದು. ಗಂಟೆಯಲ್ಲಿ ಒಬ್ಬೊಬ್ಬರ ಪಾಲಿಗೆ ಗುರುಗಳ ಕಣ್ಣು ಬೀಳುತ್ತಿದ್ದದ್ದು ಕೆಲವೇ ನಿಮಿಷ. ಮಿಕ್ಕದ್ದು ಕಾಯುವುದು.

ಹಗ್ಗದ ಪಾಠದಲ್ಲಿ ಎಷ್ಟು ವೇಗ, ಯಾವ ಕಡೆಗೆ ಎಂಬ ಚಿಂತೆ ಪೂರ್ತಿ ಗುರುಗಳದು. ನಿಮಗೆ ಉಳಿಯುವುದು ಒಂದೇ ಕೆಲಸ, ಸರಿಯಾಗಿ ಕೂರುವುದು. ಕೇಳಲು ಸುಲಭ. ನಡಿಗೆಯಲ್ಲಿ ನಾಲ್ಕು ಕಾಲೂ ಬೇರೆಬೇರೆಯಾಗಿ ಬೀಳುತ್ತವೆ, ನಾಲ್ಕು ಪೆಟ್ಟು, ಅಲ್ಲಿ ಯಾರಾದರೂ ಕೂರಬಹುದು. ಟ್ರಾಟಿಗೆ, ಅಂದರೆ ನಡಿಗೆಗಿಂತ ಚುರುಕಾದ ಕುಲುಕು ಓಟಕ್ಕೆ, ಬಂದ ತಕ್ಷಣ ಲೋಕ ಬದಲಾಗುತ್ತದೆ. ಮುಂದಿನ ಎಡಗಾಲೂ ಹಿಂದಿನ ಬಲಗಾಲೂ ಒಟ್ಟಿಗೆ, ಆಮೇಲೆ ಇನ್ನೊಂದು ಜೋಡಿ, ಎರಡೇ ಪೆಟ್ಟು, ನಡುವೆ ಕುದುರೆ ಕ್ಷಣಮಾತ್ರ ಗಾಳಿಯಲ್ಲಿರುತ್ತದೆ. ಆ ಪೆಟ್ಟಿಗೆ ಸರಿಯಾಗಿ ಏಳುವುದು, ಕೂರುವುದು ಮೈಗೆ ಹತ್ತಬೇಕು. ಅಲ್ಲಿಯವರೆಗೆ ಕಲಿಯುವವರು ಕುಕ್ಕರಿಸಿದಂತೆ ಬೆನ್ನ ಮೇಲೆ ಬೀಳುತ್ತಿರುತ್ತಾರೆ, ಬೀಳದಿರಲು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ.

ಕೈಗೆ ಸಿಗುವುದು ಲಗಾಮು! ಅದರ ಇನ್ನೊಂದು ತುದಿ ಎಲ್ಲಿದೆ ಎಂದು ಯೋಚಿಸಿದ್ದೀರಾ? ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಒಂದು ಜಾಗವಿದೆ. ಎಲುಬಿನ ಮೇಲೆ ತೆಳ್ಳನೆಯ ವಸಡು, ಅಷ್ಟೇ. ಲಗಾಮು ಸೇರಿಕೊಳ್ಳುವ ಕಡಿವಾಣ ಕೂರುವುದು ಅಲ್ಲಿ, ನಾಲಿಗೆಯ ಮೇಲೆ. ನೀವು ಸಮತೋಲ ತಪ್ಪಿದಾಗಲೆಲ್ಲ ಜಗ್ಗುವುದು ಅದನ್ನು. ಹೀಗೆ ದಿನವಿಡೀ ಜಗ್ಗಿಸಿಕೊಂಡ ಕುದುರೆ ಕೊನೆಗೆ ಲಗಾಮಿನ ಸೂಚನೆಗೆ ಕಿವಿಗೊಡುವುದನ್ನೇ ಬಿಡುತ್ತದೆ. ಆಮೇಲೆ "ನಿಮ್ಮ ಕುದುರೆ ಹೇಳಿದ ಮಾತು ಕೇಳಲ್ಲ" ಎಂದು ಅದರ ಮೇಲೇ ದೂರು. ಆದ್ದರಿಂದ ಎಂಟು ಪಾಠ ಮುಗಿಯುವ ತನಕ ನಿಮ್ಮ ಕೈಗೆ ಲಗಾಮಿಲ್ಲ. ಜೀನಿನ ಮುಂದೆ ಕಟ್ಟಿದ ಪಟ್ಟಿಯೊಂದಿದೆ, ಭಯವಾದಾಗ ಅದನ್ನು ಹಿಡಿಯಿರಿ, ಅದಕ್ಕೆ ನೋವಾಗುವುದಿಲ್ಲ. ಭಯ ಕಳೆದ ಮೇಲೆ ಕೈ ಸೊಂಟಕ್ಕೆ, ಆಮೇಲೆ ಕೈ ಅಗಲಕ್ಕೆ, ಆಮೇಲೆ ರಿಕಾಪಿನಿಂದ (ಜೀನಿಗೆ ತೂಗಿಬಿಟ್ಟ, ಪಾದ ಇಡುವ ಬಳೆ) ಕಾಲು ಹೊರಗೆ. ಕಣ್ಣು ಮುಚ್ಚಿ ಯಾವ ಕಾಲು ಬಿತ್ತು ಹೇಳಿ ಎಂದಾಗ ಸರಿಯಾಗಿ ಹೇಳಿದವರನ್ನು ನೋಡಿ ನಮ್ಮ ಗುರುಗಳು ನಗುವುದನ್ನು ನೀವು ನೋಡಬೇಕು. ಅವರು ಸುಮ್ಮಸುಮ್ಮನೆ ನಗುವವರಲ್ಲ, ಗೊತ್ತಲ್ಲ.

ಇದು ನಾವು ಕಂಡುಹಿಡಿದ ವಿದ್ಯೆಯೂ ಅಲ್ಲ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ಸವಾರಿ ಪರಂಪರೆಯನ್ನು ಯುನೆಸ್ಕೊ 2015ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಸೇರಿದ ಶಿಷ್ಯರಿಗೆ ತಿಂಗಳುಗಟ್ಟಲೆ ಹಗ್ಗದ ಪಾಠವೇ, ಲಗಾಮೂ ಇಲ್ಲ, ರಿಕಾಪೂ ಇಲ್ಲ. ನಾವು ಕೇಳುತ್ತಿರುವುದು ಎಂಟು ಪಾಠ.

ಸರಿ, ಹಗ್ಗ ಒಪ್ಪಿದೆವು, ಅರ್ಧವೇ ಗಂಟೆ ಯಾಕೆ ಎನ್ನುವವರಿಗೆ: ಒಂದೇ ಸಮನೆ ಗುಂಡಗೆ ಸುತ್ತುವುದು ಕುದುರೆಯ ಕೀಲುಗಳಿಗೆ ಭಾರ, ಒಳಬದಿಯ ಕಾಲಿಗಂತೂ ಇನ್ನೂ ಹೆಚ್ಚು. ಅದಕ್ಕೇ ಸುತ್ತಿನ ಅಗಲ 15 ಮೀಟರಿಗಿಂತ ಕಿರಿದಾಗದಂತೆ ನೋಡಿಕೊಳ್ಳುತ್ತೇವೆ, ಆಗಾಗ ದಿಕ್ಕು ಬದಲಿಸುತ್ತೇವೆ, ನಡುನಡುವೆ ನಡಿಗೆಗೆ ಇಳಿಸುತ್ತೇವೆ. ಒಂದು ಗಂಟೆ ಸುತ್ತಿಸಿದರೆ ಈ ಎಚ್ಚರವೆಲ್ಲ ನೀರುಪಾಲು. ಇನ್ನು ನಿಮ್ಮ ಕಡೆಯಿಂದ ನೋಡಿದರೂ ಅಷ್ಟೇ. ಎಷ್ಟೇ ಗಟ್ಟಿಮುಟ್ಟಾದವರಾಗಲಿ, ತೊಡೆಯ ಒಳಬದಿಯ ಸ್ನಾಯುಗಳನ್ನು ಬೇರೆ ಯಾವ ಕೆಲಸಕ್ಕೂ ಹೀಗೆ ಬಳಸಿರುವುದಿಲ್ಲ. ಇಪ್ಪತ್ತೈದು ನಿಮಿಷ ದಾಟುತ್ತಿದ್ದಂತೆ ಕಾಲು ನಡುಗಲು ಶುರು, ಹಿಮ್ಮಡಿ ಮೇಲೇರುತ್ತದೆ, ಬೆನ್ನು ಗೂನಾಗುತ್ತದೆ. ಆಮೇಲಿನ ಅರ್ಧ ಗಂಟೆ ನೀವು ಕಲಿಯುವುದು ತಪ್ಪನ್ನೇ. ನಂಬದವರು ಮೊದಲ ಪಾಠದ ಮಾರನೆಯ ಬೆಳಿಗ್ಗೆ ಮೆಟ್ಟಿಲು ಇಳಿದು ನೋಡಿ.

ಪಾಠದ ಹಿಂದುಮುಂದಿನ ಕಾಲು ಕಾಲು ಗಂಟೆ ಲಾಯದಲ್ಲಿ ಕಳೆಯುವುದನ್ನು ನಾವು ಬಿಲ್ಲಿಗೆ ಸೇರಿಸಿಲ್ಲ, ಮರೆಯಬೇಡಿ. ಮೈ ಉಜ್ಜುವುದು, ಗೊರಸಿನೊಳಗಿನ ಕಲ್ಲು ತೆಗೆಯುವುದು, ಜೀನಿನ ಪಟ್ಟಿ ಬಿಗಿಯುವುದು. ಇದು ಕೆಲಸದವರ ಪಾಲಿನ ಕೆಲಸ ಎಂದು ಮುಖ ಸಿಂಡರಿಸುವವರಿಗೆ ಒಂದೇ ಮಾತು. ಕುದುರೆಗೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಕಾಣುವುದಿಲ್ಲ. ಎಲ್ಲಿ ನಿಲ್ಲಬೇಕು, ಕಿವಿ ಹಿಂದಕ್ಕೆ ಒತ್ತಿದರೆ ಏನರ್ಥ, ಭುಜ ಮುಟ್ಟುವ ಮೊದಲು ಯಾಕೆ ದನಿ ಕೊಡಬೇಕು, ಇವೆಲ್ಲ ಬ್ರಷ್ ಹಿಡಿದಾಗ ತಾನಾಗಿ ಬರುತ್ತವೆ. ಒದೆತ ತಿಂದವರಲ್ಲಿ ಹೆಚ್ಚಿನವರು ನೆಲದ ಮೇಲೆಯೇ ಇದ್ದರು, ಜೀನಿನ ಮೇಲಲ್ಲ ಎಂಬುದನ್ನು ನಮ್ಮ ಸಯೀಸನನ್ನೇ ಕೇಳಿ.

ತೂಕ ಕೇಳಿದರೆ ಬೇಸರಪಡಬೇಡಿ. ಸವಾರ, ಜೀನು ಸೇರಿ ಕುದುರೆಯ ತೂಕದ ಶೇ 20 ದಾಟಬಾರದೆಂಬುದು ಬಹಳ ಕಡೆ ಪಾಲಿಸುವ ಮಿತಿ. 400 ಕಿಲೋ ಕುದುರೆಗೆ ಅದು 80 ಕಿಲೋ, ಅದರಲ್ಲಿ ಜೀನಿನ ಪಾಲೂ ಸೇರಿದೆ. ಮೇಲ್ಪಟ್ಟವರಿಗೆ ದೊಡ್ಡ ಮೈಕಟ್ಟಿನ ರಾಜನಿದ್ದಾನೆ, ಆದರೆ ಅವನಿಗೆ ದಿನಕ್ಕೆ ಇಷ್ಟೇ ಪಾಠ ಎಂದಿದೆ, ಮುಂಚಿತವಾಗಿ ಹೇಳಿಟ್ಟುಕೊಳ್ಳಿ. ತಕ್ಕಡಿ ಒಳಕೋಣೆಯಲ್ಲಿದೆ, ಯಾರೂ ಕೂಗಿ ಹೇಳುವುದಿಲ್ಲ.

ಹೆಲ್ಮೆಟ್ ನಾವೇ ಕೊಡುತ್ತೇವೆ. ಸ್ವಂತದ್ದು ತರುವುದಾದರೆ ಕುದುರೆ ಸವಾರಿಯದೇ ಆಗಿರಲಿ, ಸೈಕಲ್ಲಿನದು ನಡೆಯುವುದಿಲ್ಲ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಹೊಸದರಂತೆ ಕಂಡರೂ ಒಳಗಿನ ಫೋಮ್ ಕುಗ್ಗಿರುತ್ತದೆ, ಮತ್ತೆ ಹಾಕಬಾರದು. ಕಾಲಿಗೆ ಸಣ್ಣ ಹಿಮ್ಮಡಿಯ, ನುಣುಪು ತಳದ ಶೂ. ಬಿದ್ದಾಗ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಂಡರೆ ಕುದುರೆ ಎಳೆದೊಯ್ಯುತ್ತದೆ. ಚಪ್ಪಲಿಯಲ್ಲಿ ಬಂದವರನ್ನು ಎಷ್ಟೇ ದೂರದಿಂದ ಬಂದಿರಲಿ ಹತ್ತಿಸುವುದಿಲ್ಲ.

ಈಗಾಗಲೇ ಗುಂಪಿನ ಪಾಠಕ್ಕೆ ಹಣ ಕಟ್ಟಿದವರು ಗಾಬರಿಯಾಗಬೇಕಿಲ್ಲ. ಉಳಿದಿರುವ ಪಾಠಗಳು ಅದೇ ಲೆಕ್ಕದಲ್ಲಿ, ಗಂಟೆಗೆ ಎರಡು ಅರ್ಧ ಗಂಟೆಯಂತೆ, ಹಗ್ಗದ ಪಾಠವಾಗಿ ಸಿಗುತ್ತವೆ. ಹೊಸ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ, ಈ ನಷ್ಟ ನಮ್ಮದಿರಲಿ. ಬೇಡವೆನ್ನುವವರಿಗೆ ಹಣ ವಾಪಸು, ಕಾರಣ ಕೇಳುವುದಿಲ್ಲ. ಒಬ್ಬರೇ ಟ್ರಾಟ್ ಮಾಡಿ, ಸುತ್ತು ತಿರುಗಿಸಿ, ನಿಲ್ಲಿಸಬಲ್ಲವರ ಗುಂಪು ಹಾಗೆಯೇ ಮುಂದುವರಿಯುತ್ತದೆ, ಅವರ ಸಮಯವಾಗಲಿ ಶುಲ್ಕವಾಗಲಿ ಬದಲಾಗಿಲ್ಲ. ನಲವತ್ತು, ಐವತ್ತು ದಾಟಿ ಸೇರಿದ ಕೆಲವರು "ನಮ್ಮನ್ನು ಕಳಿಸಿಬಿಡುವ ಉಪಾಯವಾ ಇದು" ಎಂದು ಕೇಳಿದರು. ಖಂಡಿತ ಅಲ್ಲ. ನಿಮಗಾಗಿ ಬೆಳಗಿನ ಮೊದಲ ಸರದಿ ಇಟ್ಟಿದ್ದೇವೆ, ನೋಡುವವರಿಲ್ಲ, ಆತುರವಿಲ್ಲ, ಹತ್ತಲು ಮೆಟ್ಟಿಲಿನ ಕಟ್ಟೆಯಿದೆ. ಕಟ್ಟೆ ಹತ್ತಿ ಏರುವುದರಲ್ಲಿ ನಾಚಿಕೆಯೂ ಇಲ್ಲ, ನೆಲದಿಂದ ಜಗ್ಗಿ ಏರುವುದಕ್ಕಿಂತ ಕುದುರೆಯ ಬೆನ್ನಿಗೆ ಅದೇ ಹಿತ.

ಸಮಯ ಬದಲಾಗಬೇಕಾದವರು ಈ ತಿಂಗಳು ಮುಗಿಯುವುದರೊಳಗೆ ಲಾಯದ ಪುಸ್ತಕದಲ್ಲಿ ಹೆಸರು ಬರೆಸಿ. ಬೈಯಬೇಕೆನಿಸಿದವರು ಪಾಠ ಮುಗಿದ ಮೇಲೆ ಬನ್ನಿ. ಕುದುರೆಗಳ ಎದುರು ದನಿ ಏರಿಸಬೇಡಿ, ಅಷ್ಟೇ.

ಇಂತಿ ನಿಮ್ಮ,
ಸವಾರಿ ಶಾಲೆಯ ಎಲ್ಲರೂ

ಮರೆತಿದ್ದೆವು: ಮಲ್ಲಿಗೆ ಕ್ಯಾರೆಟ್ ತರುವ ಮಕ್ಕಳು ಅದನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಬೇಡಿ, ಗಂಟಲಿಗೆ ಸಿಕ್ಕುತ್ತದೆ. ಉದ್ದುದ್ದ ಸೀಳಿ, ಅಂಗೈ ಚಪ್ಪಟೆ ಮಾಡಿ ಕೊಡಿ.