ಫಾದರ್ ಬಂದರೆ ಅಪ್ಪ ಹೋಗಿಬಿಡೋದಿಲ್ಲ

ಡಬ್ಲಿನ್, ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ಯೇಸುವಿಗೆ ಸ್ತೋತ್ರ. ಇಲ್ಲೆಲ್ಲ ಕ್ಷೇಮ. ಅಣ್ಣನ ಕಾಗದ ಓದಿದೆ. ಅಪ್ಪನಿಗೆ ಮತ್ತೆ ಎದೆಯಲ್ಲಿ ನೀರು ತುಂಬಿಕೊಂಡಿದೆಯಂತೆ. ಫಾದರ್‌ನ ಕರೆಸಿ ಪ್ರಾರ್ಥನೆ ಮಾಡಿಸಿ, ಮಂತ್ರಿಸಿದ ಎಣ್ಣೆ ಹಚ್ಚಿಸೋಣ ಅಂದರೆ ಲೂರ್ದಮ್ಮತ್ತೆ ‘ಬೇಡ, ಅಪಶಕುನ, ನಮ್ಮಣ್ಣ ಎದೆ ಒಡ್ಕೋತಾನೆ’ ಅಂತ ತಡೆದರಂತೆ. ಅದಕ್ಕೇ ಈ ಕಾಗದ.

ಅತ್ತೆ ಹೆದರೋದು ಸಹಜ. ಅವರ ಕಾಲದಲ್ಲಿ ಅದಕ್ಕೆ ಕೊನೆಯ ಅಭ್ಯಂಗ ಅಂತಲೇ ಹೆಸರು, ಗೊರಗೊರ ಶುರುವಾದ ಮೇಲೇ ಫಾದರ್‌ಗೆ ಹೇಳಿಕಳಿಸೋರು. ಆ ವಿಧಿಯನ್ನು ಆರನೇ ಪೌಲ್ ಪೋಪರು 1972ರಲ್ಲೇ ತಿದ್ದಿದರು. ಈಗ ಅದು ರೋಗಿಗಳ ಅಭ್ಯಂಗ. ಕಾಯಿಲೆ ಜೋರಾದಾಗ, ವಯಸ್ಸಾಗಿ ಶಕ್ತಿ ಕುಂದಿದಾಗ, ದೊಡ್ಡ ಆಪರೇಷನ್ನಿಗೆ ಮುಂಚೆ ಕೊಡಬಹುದು. ವಾಸಿಯಾಗಿ ಮತ್ತೆ ಮಲಗಿದರೆ, ಇಲ್ಲವೇ ಅದೇ ಕಾಯಿಲೆ ಬಿಗಡಾಯಿಸಿದರೆ, ಇನ್ನೊಂದು ಸಲವೂ ಆಗುತ್ತೆ. ಯಕೋಬನ ಪತ್ರ 5:14 ತೆಗೆದು ಅತ್ತೆಗೆ ಓದಿ ಹೇಳು. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ ಅಂತಿದೆ, ಸಾಯೋನು ಅಂತಿಲ್ಲ.

ತಡಮಾಡಿದರೆ ಆಗೋ ನಷ್ಟ ಏನು ಗೊತ್ತಾ? ಪ್ರಜ್ಞೆ ತಪ್ಪಿದ ಮೇಲೆ ಪಾಪನಿವೇದನೆ ಮಾಡೋಕಾಗಲ್ಲ, ಪೂಜೆಯ ರೊಟ್ಟಿಯ ಪ್ರಸಾದ ನುಂಗೋಕಾಗಲ್ಲ. ಪ್ರಾಣ ಹೋದ ಮೇಲಂತೂ ಎಣ್ಣೆ ಹಚ್ಚೋ ಹಾಗೇ ಇಲ್ಲ. ಹೋಯಿತೋ ಇಲ್ಲವೋ ಅಂತ ಅನುಮಾನ ಇದ್ದರೆ ಮಾತ್ರ ಹಚ್ಚುತ್ತಾರೆ. ಸಿಸ್ಟರುಗಳು ಪ್ರಸಾದ ತಂದುಕೊಡಬಹುದು, ಎಣ್ಣೆ ಮಾತ್ರ ಫಾದರೇ ಹಚ್ಚಬೇಕು. ಅದಕ್ಕೇ ಹಗಲಲ್ಲೇ ಫೋನ್ ಮಾಡಿ.

ಮಂಚದ ಪಕ್ಕ ಸ್ಟೂಲಿಗೆ ಬಿಳಿ ಬಟ್ಟೆ ಹಾಸಿ ಶಿಲುಬೆ, ಮೊಂಬತ್ತಿ, ಒಂದಿಷ್ಟು ಹತ್ತಿ ಇಡು. ಆಕ್ಸಿಜನ್ ಓಡ್ತಿದ್ದರೆ ಮೊಂಬತ್ತಿ ಹಚ್ಚಲೇಬೇಡ, ಸುಮ್ಮನೆ ಇಟ್ಟಿರು. ಫಾದರ್ ಬೆರಳಿನ ಜಿಡ್ಡು ತೆಗೆಯೋಕೆ ಅರ್ಧ ನಿಂಬೆಹಣ್ಣು. ಪಾಪನಿವೇದನೆಯ ಹೊತ್ತಿಗೆ ಎಲ್ಲರೂ ಆಚೆ ಹೋಗಿ, ಆಮೇಲೆ ಒಳಗೆ ಬನ್ನಿ. ಫಾದರ್ ಮಾತಾಡದೆ ತಲೆ ಮೇಲೆ ಕೈಯಿಡುತ್ತಾರೆ, ಹಣೆಗೆ ಮತ್ತು ಎರಡೂ ಅಂಗೈಗೆ ಎಣ್ಣೆ ಹಚ್ಚುತ್ತಾರೆ, ಅಷ್ಟೇ. ಅಂಗೈಯಲ್ಲಿ ಡ್ರಿಪ್ಪಿನ ಪ್ಲಾಸ್ಟರ್ ಇದ್ದರೆ ಮೊದಲೇ ತಿಳಿಸಿ. ನುಂಗೋದು ಕಷ್ಟವಾದರೆ ಪ್ರಸಾದದ ಚೂರೊಂದು ಸಾಕು, ಜೊತೆಗೊಂದು ಚಮಚ ನೀರು. ಪ್ರಸಾದಕ್ಕೆ ಮುಂಚಿನ ಒಂದು ಗಂಟೆ ಉಪವಾಸದ ನಿಯಮ ರೋಗಿಗೂ ಇಲ್ಲ, ನೋಡಿಕೊಳ್ಳೋ ನಿನಗೂ ಇಲ್ಲ. ಬಿಷಪ್ಪರು ಮಂತ್ರಿಸಿದ ಎಣ್ಣೆ ಕೈಗೆ ಸಿಗದಿದ್ದರೆ ಫಾದರೇ ನಮ್ಮ ಅಡುಗೆಮನೆಯ ಕೊಬ್ಬರಿ ಎಣ್ಣೆ ಮಂತ್ರಿಸಿ ಹಚ್ಚಬಹುದು!

ಇಲ್ಲಿಯವರು ಸಾವನ್ನ ಮುಚ್ಚಿಡೋದಿಲ್ಲ. ಇಲ್ಲಿನ ಹಳ್ಳಿ ಕಡೆ ರೇಡಿಯೋದಲ್ಲೇ ಸತ್ತವರ ಹೆಸರು ಓದುತ್ತಾರೆ. ಪೆಟ್ಟಿಗೆ ತೆರೆದು ಮನೆಯಲ್ಲೇ ಇಟ್ಟು, ಮಕ್ಕಳನ್ನೂ ಕರೆದು ತೋರಿಸುತ್ತಾರೆ. ಅದೇ ಮನೆಯಲ್ಲಿ ಟೀ, ಸ್ಯಾಂಡ್‌ವಿಚ್, ನಗು! ಚರ್ಚಲ್ಲಿ ಪೆಟ್ಟಿಗೆಗೆ ಹೊದಿಸೋ ಬಿಳಿ ಬಟ್ಟೆ ದೀಕ್ಷಾಸ್ನಾನದ ಬಟ್ಟೆಯ ನೆನಪಿಗೆ, ಪಕ್ಕದಲ್ಲಿ ಉರಿಯೋದು ಈಸ್ಟರ್ ಮೊಂಬತ್ತಿ. ಪುನರುತ್ಥಾನ ಅಂತ ವಿಶ್ವಾಸಪ್ರಮಾಣದಲ್ಲಿ ನಾವೂ ವಾರವಾರ ಹೇಳ್ತೀವಲ್ಲ, ಫಾದರ್ ಬಾಗಿಲಿಗೆ ಬಂದಾಗ ಮಾತ್ರ ಯಾಕೆ ನಡುಕ? ಅತ್ತೆಗೆ ಇದನ್ನ ಓದಬೇಡ.

ಇನ್ನು ತೋಟ. ವೆಂಟಿಲೇಟರ್ ಹಾಕದಿದ್ದರೆ ಪಾಪ ಅಂತ ಅಣ್ಣ ಮಾರೋಕೆ ಹೊರಟಿದ್ದಾನೆ. ಹನ್ನೆರಡನೇ ಭಕ್ತಿನಾಥ (ಪಿಯುಸ್) ಪೋಪರು 1957ರಲ್ಲೇ ಡಾಕ್ಟರುಗಳಿಗೆ ಹೇಳಿದ್ದಾರೆ, ಮೀರಿದ ಭಾರ ಹೊರಿಸೋ ಚಿಕಿತ್ಸೆ ಕಡ್ಡಾಯವಲ್ಲ ಅಂತ. ನೋವಿಗೆ ಮಾರ್ಫಿನ್ ಕೊಟ್ಟರೂ ತಪ್ಪಲ್ಲ. ಪ್ರಾಣ ತೆಗೆಯೋಕೆ ಅಂತ ಏನೂ ಕೊಡಬಾರದು, ಮೈ ತಗೊಳ್ಳೋವರೆಗೆ ನೀರು, ಗಂಜಿ ನಿಲ್ಲಿಸಬಾರದು. ಎದೆಯ ನೀರು ತೆಗೆಸೋದು ಬೇರೆ ಮಾತು, ಉಸಿರಾಟ ಹಗುರಾಗುತ್ತೆ, ತೆಗೆಸಿ. ವೆಂಟಿಲೇಟರ್ ಬೇಕೋ ಬೇಡವೋ ಅಂತ ಅಪ್ಪನನ್ನೇ ಕೇಳಿ, ಅವರು ಹೇಳಿದ್ದನ್ನ ಬರೆಸಿಡಿ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನ ಒಪ್ಪಿದೆ, 2023ರಲ್ಲಿ ಸಲೀಸೂ ಮಾಡಿದೆ. ಇಬ್ಬರು ಸಾಕ್ಷಿ, ನೋಟರಿ ಸಹಿ ಇದ್ದರೆ ಸಾಕು.

ನೀನೇನೂ ಹೆದರಬೇಡ. ಅಪ್ಪ ಗಟ್ಟಿ, ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ. ದುಡ್ಡು ಬುಧವಾರ ಅಣ್ಣನ ಖಾತೆಗೆ ಬರುತ್ತೆ. ಡ್ಯೂಟಿಗೆ ಹೊತ್ತಾಯಿತು. ಫಾದರ್‌ಗೆ ನಾಳೆಯೇ ಫೋನ್ ಮಾಡಿಸು, ಬಂದುಹೋದ ಮೇಲೆ ಒಂದು ಮೆಸೇಜ್ ಹಾಕಿಸು.

ನಿನ್ನ ಮಗಳು,
ಜಪಮಾಲೆ